ಪದಚರ್ಚೆ: ‘ಬಾರ್ನ್‌ಯಾರ್ಡ್’ಗೆ ಕನ್ನಡ ಬೇಕು, ಸಂಜೆ ಐದರೊಳಗೆ

ಗೆಳೆಯರೇ,

ಭಾನುವಾರ ನಮ್ಮೂರಿನ ಮಕ್ಕಳಿಗೆ ಡಿಸ್ನಿಯ 1934ರ ಕಿರುಚಿತ್ರ ‘ದಿ ವೈಸ್ ಲಿಟಲ್ ಹೆನ್’ ತೋರಿಸುತ್ತಿದ್ದೇವೆ. ಡೊನಾಲ್ಡ್ ಡಕ್ ಮೊದಲ ಸಲ ತೆರೆಗೆ ಬಂದದ್ದು ಇದರಲ್ಲೇ. ಕನ್ನಡ ಅಡಿಬರಹ ನನ್ನ ಪಾಲಿಗೆ ಬಂದಿದೆ. ಭಿತ್ತಿಪತ್ರ ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗಬೇಕು, ‘ಬಾರ್ನ್‌ಯಾರ್ಡ್ ಪ್ರಾಣಿಗಳ ಕಥೆ’ ಎಂಬ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಬಾರ್ನ್‌ಯಾರ್ಡ್ ಎಂದರೆ ರೈತರ ಮನೆಯ ಕಣಜ, ಕೊಟ್ಟಿಗೆಗಳ ಸುತ್ತಲಿನ ಅಂಗಳ. ಕೊಟ್ಟಿಗೆ ಎಂದರೆ ದನ ಎಮ್ಮೆ ಕಣ್ಣಿಗೆ ಕಟ್ಟುತ್ತವೆ. ಇಲ್ಲಿರುವುದು ಕೋಳಿ, ಹಂದಿ, ಬಾತುಕೋಳಿ. ಅಲ್ಲದೆ, ಕೋಳಿ ಬಿತ್ತುವ ‘ಕಾರ್ನ್’ ಅನ್ನು ಬರೀ ಜೋಳ ಎನ್ನಬಹುದೇ?

* * *

ಹಟ್ಟಿ. ಬೇರೆ ಹುಡುಕಬೇಡಿ. ಹಳಗನ್ನಡದ ಪಟ್ಟಿ, ತಮಿಳಿನಲ್ಲಿ ಇಂದಿಗೂ ದನ ಕುರಿ ಕೂಡುವ ಜಾಗಕ್ಕೆ ಪಟ್ಟಿ ಎಂದೇ ಹೆಸರು. ಕೊಟ್ಟಿಗೆಯೂ ನಮ್ಮದೇ ಎಂಬುದು ನನ್ನ ವಾದ. ಅದನ್ನು ಸಂಸ್ಕೃತದ ಗೋಷ್ಠದಿಂದ ಹುಟ್ಟಿಸುವವರು ತಮಿಳಿನ ಕೊಟ್ಟಗೈ ನೋಡಲಿ. ಅಲ್ಲಿ ಸಿನಿಮಾ ಮಂದಿರವೂ ಕೊಟ್ಟಗೈಯೇ.

ಹೆನ್ ಎಂಬಲ್ಲಿ ಕೋಳಿ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹೇಂಟೆ ಎನ್ನಿ. ಹೆಣ್ಣು, ತೆಲುಗಿನ ಪೆಂಟಿ, ಇವುಗಳ ಒಡಹುಟ್ಟು ಅದು. ಮೆಕ್ಕೆಜೋಳ ಖಂಡಿತ ಬೇಡ, ಮೆಕ್ಕೆ ಹಿಂದಿಯ ಮಕ್ಕಾ. ಗೋವಿನಜೋಳದಲ್ಲಿ ಗೋವು ಸಂಸ್ಕೃತ. ಮುಸುಕಿನ ಜೋಳ ಎಂದರೆ ಸಾಕು.

* * *

ಹಟ್ಟಿ ಎಂದರೆ ಚಿತ್ರದುರ್ಗದ ಕಡೆ ಜನ ವಾಸಿಸುವ ಕೇರಿ, ದಕ್ಷಿಣ ಕನ್ನಡದಲ್ಲಿ ದನ ಕಟ್ಟುವ ಮನೆ. ಎರಡೂ ಇಲ್ಲಿಗೆ ಸಲ್ಲವು. ಚಿತ್ರ ನೋಡದೆ ಧಾತು ಹಿಡಿದು ಉತ್ತರ ಬರೆದಿದ್ದೀರಿ. ಹೇಂಟೆ ಮರಿಗಳನ್ನು ಕಟ್ಟಿಕೊಂಡು ಮೊದಲು ಪೀಟರ್ ಹಂದಿಯ ಬಳಿಗೆ, ಆಮೇಲೆ ದೋಣಿಯ ಮೇಲೆ ಕುಣಿಯುವ ಡೊನಾಲ್ಡನ ಬಳಿಗೆ ಹೋಗುತ್ತದೆ. ಬಿತ್ತಲು ಬನ್ನಿ ಎಂದ ಕೂಡಲೇ ಇಬ್ಬರಿಗೂ ಹೊಟ್ಟೆನೋವು. ದನವೂ ಇಲ್ಲ, ಕುರಿಯೂ ಇಲ್ಲ.

ಹಿತ್ತಿಲು ಎನ್ನಿ. ನಮ್ಮಜ್ಜಿ ಕಾವು ಮುಗಿಸಿದ ಹೇಂಟೆಯನ್ನು ಮಕ್ಕರಿಯಡಿ ಮುಚ್ಚಿಡುತ್ತಿದ್ದುದು ಹಿತ್ತಿಲಲ್ಲೇ. ಬೆಳಿಗ್ಗೆ ಮಕ್ಕರಿ ಎತ್ತಿದರೆ ತಾಯಿಯ ಹಿಂದೆ ಮರಿಗಳೆಲ್ಲ ತಿಪ್ಪೆ ಕೆದಕಲು ಓಡುತ್ತಿದ್ದವು. ಈ ಪದ ಕೇಳಿದ ಮಗುವಿಗೆ ಕೋಳಿ ತಾನಾಗಿಯೇ ಕಾಣುತ್ತದೆ.

ಬರೀ ಜೋಳ ಬೇಡ. ಪಂಪನ ‘ಜೋಳದ ಪಾಳಿ’ಯಿಂದ (ಉಂಡ ಜೋಳದ ಋಣ ತೀರಿಸುವ ಕರ್ತವ್ಯ) ಇವತ್ತಿನ ರೊಟ್ಟಿಯವರೆಗೆ ಆ ಪದಕ್ಕೆ ಬೇರೆಯೇ ಧಾನ್ಯವಿದೆ. ಇನ್ನು, ಚಿತ್ರದಲ್ಲಿರುವ ‘ಕಾರ್ನ್’ ಬೆಳೆಯೇ ಅಮೆರಿಕ ಖಂಡದಿಂದ ಬಂದದ್ದು. ಬೀಜವನ್ನು ಹೊಲಕ್ಕೆ ಬಿಟ್ಟುಕೊಂಡು ಹೆಸರನ್ನು ಬೇಲಿಯಾಚೆ ನಿಲ್ಲಿಸುವುದು ಯಾವ ನ್ಯಾಯ? ದಾವಣಗೆರೆಯ ರೈತ ಮೆಕ್ಕೆಜೋಳ ಬೆಳೆಯುತ್ತಾನೆ, ಹಾವೇರಿಯವನು ಗೋವಿನಜೋಳ. ಅವರಿಬ್ಬರ ಕನ್ನಡಕ್ಕೆ ನಿಮ್ಮ ಅಪ್ಪಣೆ ಬೇಕಾಗಿಲ್ಲ.

* * *

ಅಪ್ಪಣೆಯ ಮಾತು ನಾನು ಆಡಿಲ್ಲ. ಹಿತ್ತಿಲು ಮನೆಯ ಹಿಂಬದಿ, ಅಲ್ಲಿ ಬೆಳೆಯುವುದು ಬಸಳೆ, ಕರಿಬೇವು. ಹಂದಿಯನ್ನು ಯಾರು ಹಿತ್ತಿಲಲ್ಲಿ ಬಿಡುತ್ತಾರೆ? ಮೆಕ್ಕೆ ಒಳಗೆ ಬರಲಿ ಎನ್ನುವವರು ನಾಳೆ ‘ಬಾರ್ನ್‌ಯಾರ್ಡ್’ ಎಂದೇ ಬರೆಯಿರಿ ಎನ್ನುತ್ತಾರೆ. ಕನ್ನಡದಲ್ಲಿ ಪದವಿದ್ದಾಗ ಕಡ ತರಬಾರದು. ನನ್ನ ಮತ ಈಗಲೂ ಹಟ್ಟಿಗೇ.

* * *

‘ಹಿತ್ತಿಲ ಪ್ರಾಣಿಗಳ ಕಥೆ’ ಎಂದು ಕಳುಹಿಸಿಬಿಟ್ಟೆ. ಚಿತ್ರದ ಹೆಸರು ‘ಜಾಣ ಹೇಂಟೆ’. ಆ ಪದ ನೆನಪಿಸಿದವರಿಗೆ ಋಣಿ. ನಮ್ಮದು ಗದಗದ ಕಡೆ, ಹಾಗಾಗಿ ಗೋವಿನಜೋಳ.

ಒಂದು ಉಳಿದಿದೆ. ಕೊನೆಯಲ್ಲಿ ಊಟಕ್ಕೆ ಬನ್ನಿ ಎಂದಾಗ ಇಬ್ಬರ ಹೊಟ್ಟೆನೋವೂ ಮಾಯವಾಗುತ್ತದೆ, ಹೇಂಟೆ ಕೊಡುವುದು ಮಾತ್ರ ಕ್ಯಾಸ್ಟರ್ ಆಯಿಲ್. ನಾನು ಹರಳೆಣ್ಣೆ ಎಂದು ಬರೆದಿದ್ದೇನೆ. ಸರಿಯೇ?

* * *

ಔಡಲೆಣ್ಣೆ ಎಂದು ತಿದ್ದಿ. ಗದಗದ ಮಕ್ಕಳಿಗೆ ಅಜ್ಜಿಯರು ಮೂಗು ಹಿಡಿದು ಕುಡಿಸಿರುವುದು ಅದನ್ನೇ.