ಇಸವಿ ಸವೆದ ಬಫಲೋ ನಿಕಲ್ ಸಿಕ್ಕಿದೆ, ಸಂಗ್ರಹ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ನ್ಯೂಜೆರ್ಸಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಗರಾಜ್ ಸೇಲ್‌ನಲ್ಲಿ ಮಗಳು ಒಂದು ಡಬ್ಬಿ ಹಳೇ ಗುಂಡಿ ಕೊಂಡಳು. ಡಬ್ಬಿಯ ತಳದಲ್ಲಿ ಐದು ಸೆಂಟಿನ ಒಂದು ನಾಣ್ಯ ಇತ್ತು, ಇಲ್ಲಿ ಅದಕ್ಕೆ ನಿಕಲ್ ಅಂತಾರೆ. ಒಂದು ಕಡೆ ಜಡೆ ಹಾಕಿದ ಮೂಲನಿವಾಸಿ ಹಿರಿಯರ ಮುಖ, ಇನ್ನೊಂದು ಕಡೆ ಕಾಡೆಮ್ಮೆ. ಇಸವಿ ಪೂರ್ತಿ ಸವೆದುಹೋಗಿದೆ. ಅವಳಿಗೆ ಹನ್ನೊಂದು ವರ್ಷ, ಆವತ್ತಿನಿಂದ ಅದನ್ನು ಕೈಯಿಂದ ಬಿಟ್ಟಿಲ್ಲ. ಆಫೀಸಿನಲ್ಲೂ ಇಬ್ಬರು ಈಚೆಗೆ ಇದನ್ನೇ ಕೂಡಿಡುತ್ತಿದ್ದಾರೆ. ನಾವೂ ಶುರು ಮಾಡಬಹುದಾ? ಎಷ್ಟು ದುಡ್ಡು ಬೇಕು? ಆಸಿಡ್ ಹಾಕಿದರೆ ಇಸವಿ ಕಾಣುತ್ತದೆ ಅಂತಾರೆ, ಹಾಕಲಾ?

ಡೆನ್ವರ್‌ನಿಂದ

ಆಸಿಡ್ ಸದ್ಯಕ್ಕೆ ಬೇಡ ಮೇಡಂ, ದಯವಿಟ್ಟು. ಮೊದಲು ನಾಣ್ಯವನ್ನು ಸರಿಯಾಗಿ ನೋಡೋಣ.

ನಾನು ಹದಿನಾಲ್ಕು ವರ್ಷದಿಂದ ಇದನ್ನು ಕೂಡಿಸುತ್ತಿದ್ದೇನೆ. ಈ ನಾಣ್ಯ ಬಂದದ್ದು 1913ರಿಂದ 1938ರವರೆಗೆ ಮಾತ್ರ. 25 ವರ್ಷ ಆಗುವ ಮೊದಲು ನಾಣ್ಯದ ವಿನ್ಯಾಸ ಬದಲಿಸಬಾರದು ಅಂತ ಅಮೆರಿಕದ ಕಾನೂನು ಇತ್ತು. ಆ ಅವಧಿ ಮುಗಿಯುತ್ತಿದ್ದ ಹಾಗೇ ಹಿಂದಿನ ಅಧ್ಯಕ್ಷ ಜೆಫರ್‌ಸನ್ ಮುಖದ ನಿಕಲ್ ಬಂತು. ನಡುವೆ 1922, 1932, 1933ರಲ್ಲಿ ಅಚ್ಚೇ ಹಾಕಿಲ್ಲ. ಅಂದರೆ ಸರಣಿ ಚಿಕ್ಕದು, ಮನೆಯಲ್ಲಿ ಕೂತು ಮುಗಿಸುವ ಆಸೆ ಇಟ್ಟುಕೊಳ್ಳಬಹುದು. ಜನ ಇದರ ಕಡೆ ವಾಲುವುದಕ್ಕೆ ಅದೂ ಒಂದು ಕಾರಣ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಆ ಎರಡು ಚಿತ್ರ. ಇದನ್ನು ರೂಪಿಸಿದ ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ಬಾಲ್ಯ ಕಳೆದದ್ದು ಡಕೋಟಾ ಬಯಲಿನಲ್ಲಿ. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳನ್ನು ಕೊಂದು ಕೆಲವೇ ನೂರಕ್ಕೆ ತಂದ ಕಾಲ ಅದು. ಮೂಲನಿವಾಸಿಗಳನ್ನು ಅವರ ನೆಲದಿಂದ ಅಟ್ಟುತ್ತಿದ್ದ ಕಾಲವೂ ಹೌದು. ಆ ಮುಖ ಒಬ್ಬರದಲ್ಲ. ಲಕೋಟಾ ಬುಡಕಟ್ಟಿನ ಐರನ್ ಟೇಲ್, ಶೈಯೆನ್ ಬುಡಕಟ್ಟಿನ ಟೂ ಮೂನ್ಸ್, ಇವರ ಮುಖಗಳನ್ನು ಸೇರಿಸಿ ಮಾಡಿದೆ ಅಂತ ಫ್ರೇಸರ್ ಅವರೇ ಹೇಳಿದ್ದರು. ಮಗಳಿಗೆ ಬೆಲೆಗಿಂತ ಮೊದಲು ಈ ಕಥೆ ಹೇಳಿ.

ಈಗ ಇಸವಿಗೆ ಬರೋಣ. ಅದನ್ನು ಕೂರಿಸಿದ್ದು ಭುಜದ ಮೇಲೆ, ನಾಣ್ಯದ ಎತ್ತರದ ಜಾಗದಲ್ಲಿ. ಜೇಬಿನಲ್ಲಿ ಉಜ್ಜಿ ಉಜ್ಜಿ ಮೊದಲು ಹೋಗುವುದೇ ಅದು. 1913ರ ಮೊದಲ ತಿಂಗಳುಗಳಲ್ಲಿ ಇನ್ನೊಂದು ತೊಂದರೆಯೂ ಇತ್ತು. ಕಾಡೆಮ್ಮೆ ಮಣ್ಣಿನ ದಿಬ್ಬದ ಮೇಲೆ ನಿಂತಿತ್ತು, ‘ಫೈವ್ ಸೆಂಟ್ಸ್’ ಅನ್ನುವ ಅಕ್ಷರ ಆ ದಿಬ್ಬದ ಮೇಲೇ ಇದ್ದು ಬೇಗ ಸವೆಯುತ್ತಿತ್ತು. ಅದೇ ವರ್ಷ ದಿಬ್ಬ ಕತ್ತರಿಸಿ, ಸಪಾಟು ಗೆರೆ ಮಾಡಿ, ಅಕ್ಷರವನ್ನು ಕೆಳಗೆ ತಗ್ಗಿನಲ್ಲಿ ಇಟ್ಟರು. ಇಸವಿಯನ್ನು ಮಾತ್ರ ಹಾಗೇ ಬಿಟ್ಟರು!

ಭೂತಗನ್ನಡಿ ಹಿಡಿದು ಎರಡು ಜಾಗ ನೋಡಿ. ಕಾಲ ಕೆಳಗೆ ದಿಬ್ಬವೋ ಗೆರೆಯೋ? ‘ಫೈವ್ ಸೆಂಟ್ಸ್’ ಕೆಳಗೆ ಅಕ್ಷರ ಏನಾದರೂ ಇದೆಯಾ? ‘ಡಿ’ ಇದ್ದರೆ ನಮ್ಮ ಡೆನ್ವರ್ ಟಂಕಸಾಲೆ, ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ನೋಡಿ ಹೇಳಿ.

ದುಡ್ಡಿನ ವಿಷಯ: 1930ರ ದಶಕದ ಸಾಮಾನ್ಯ ನಾಣ್ಯಗಳು, ಇಸವಿ ಸ್ಪಷ್ಟ ಇರುವಂಥವು, ನನಗೆ ಕೆಲವೇ ಡಾಲರಿಗೆ ಸಿಕ್ಕಿವೆ. ಅಲ್ಲಿಂದ ಶುರು ಮಾಡಿ. 1926ರ ‘ಎಸ್’ ಹತ್ತು ಲಕ್ಷಕ್ಕಿಂತ ಕಡಿಮೆ ಅಚ್ಚಾದದ್ದು, ಅದರ ಆಸೆ ಕೊನೆಗಿರಲಿ. ಕೊಳ್ಳುವಾಗ ಕೊಂಬು ನೋಡಿ. ಕೊಂಬು ಪೂರ್ತಿ ಇದ್ದರೆ ಸವೆತ ಕಡಿಮೆ ಅಂತ. ಆದರೆ 1920ರ ದಶಕದಲ್ಲಿ ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಎಷ್ಟೋ ನಾಣ್ಯಗಳಿಗೆ ಅಚ್ಚು ಸರಿಯಾಗಿ ಕೂತಿಲ್ಲ. ಹೊಸದರಲ್ಲೇ ಮಂಕಾಗಿ ಹುಟ್ಟಿದ ನಾಣ್ಯ, ಸವೆದದ್ದಲ್ಲ. ಈ ವ್ಯತ್ಯಾಸ ಓದಿದರೆ ಬರುವುದಿಲ್ಲ, ನೂರಾರು ನಾಣ್ಯ ಕೈಯಲ್ಲಿ ಹಿಡಿದ ಮೇಲೆ ಬರುತ್ತದೆ.

ಡಲ್ಲಾಸ್‌ನಿಂದ

ತೊಳೆಯಬೇಡಿ. ಇದೊಂದೇ ನನ್ನ ಮಾತು.

ನಮ್ಮ ಅತ್ತೆಯವರು ಮೈಸೂರಿನಿಂದ ಬಂದಿದ್ದಾಗ ದೇವರ ಸಾಮಾನಿನ ಜೊತೆಗೆ ನನ್ನ ಎಂಟು ನಿಕಲ್‌ಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟರು. ಪಾಪ, ಪ್ರೀತಿಯಿಂದಲೇ ಮಾಡಿದ್ದು. ನಾಣ್ಯದಲ್ಲಿ ಮುಕ್ಕಾಲು ಭಾಗ ತಾಮ್ರ, ಕಾಲು ಭಾಗ ನಿಕಲ್ ಲೋಹ. ನೂರು ವರ್ಷದಲ್ಲಿ ಮೇಲೆ ಕೂತ ಬೂದು ಬಣ್ಣ ಹೋಗಿ ಸತ್ತ ಹೊಳಪು ಬಂತು, ಗೀರು ಬಿತ್ತು. ಅದರಲ್ಲಿ 1919ರದ್ದೊಂದು ನನಗೆ ತುಂಬ ಇಷ್ಟದ್ದು. ಇವತ್ತಿಗೂ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲೂ ಇಡಬೇಡಿ. ವರ್ಷ ಕಳೆದರೆ ಹಸಿರು ಅಂಟು ಬಂದು ಕಿಲುಬು ಹಿಡಿಯುತ್ತದೆ. ಮೈಲಾರ್ ಅನ್ನುವ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕ ಸಾಕು.

ಶಿವಮೊಗ್ಗದಿಂದ

ಸಂಗ್ರಹ ಮಾಡುವವನಲ್ಲ, ಚಿತ್ರ ನೋಡಿ ಬರೆಯಬೇಕು ಅನ್ನಿಸಿತು. ಹಿಣಿಲು ನೋಡಿದರೆ ಥೇಟ್ ನಮ್ಮ ಕಾಟಿ! ಇದೂ ಅದೇ ಜಾತಿಯಾ?

ಡೆನ್ವರ್‌ನಿಂದ

ದೂರದ ನೆಂಟ ಸರ್. ಇದು ಅಮೆರಿಕದ ಬೈಸನ್. ಬಫಲೋ ಅನ್ನುವುದು ಇಲ್ಲಿನವರ ರೂಢಿ, ನಮ್ಮ ಎಮ್ಮೆಯ ಜಾತಿಯಲ್ಲ. ನ್ಯೂಯಾರ್ಕ್‌ನ ಒಂದು ಮೃಗಾಲಯದ ಬ್ಲ್ಯಾಕ್ ಡೈಮಂಡ್ ಅನ್ನುವ ಪ್ರಾಣಿ ಇದಕ್ಕೆ ಮಾದರಿ ಆಗಿತ್ತು ಅಂತ ಹೇಳುವುದುಂಟು, ಆದರೆ ಅದು ಯಾವ ಮೃಗಾಲಯದ್ದು ಅನ್ನುವಲ್ಲೇ ಜಗಳ ಇದೆ.

ಶಿಕಾಗೊದಿಂದ

ಮೂರು ಕಾಲಿನ ಕಾಡೆಮ್ಮೆ ಇರುವ ನಾಣ್ಯದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ, ಏಕೆಂದರೆ ನಾನು ದುಡ್ಡು ಕಳೆದುಕೊಂಡಿದ್ದೇನೆ.

1937ರಲ್ಲಿ ಡೆನ್ವರ್‌ನಲ್ಲಿ ಒಂದು ಅಚ್ಚು ಕೆಟ್ಟಿತ್ತು. ಅದನ್ನು ಸರಿ ಮಾಡಲು ಅತಿಯಾಗಿ ಉಜ್ಜಿದಾಗ ಕಾಡೆಮ್ಮೆಯ ಮುಂಗಾಲು ಒಂದು ಮಾಯವಾಯಿತು, ಗೊರಸು ಮಾತ್ರ ಉಳಿಯಿತು. ಅಂಥ ನಾಣ್ಯಕ್ಕೆ ನೂರಾರು ಡಾಲರ್. ಹಾಗಾಗಿ ಮಾಮೂಲಿ 1937ರ ‘ಡಿ’ ತಗೊಂಡು ಕಾಲು ಕೆರೆದು ಮಾರುವವರಿದ್ದಾರೆ. ನಾಣ್ಯ ಮೇಳದಲ್ಲಿ ನಾನು ಕೊಂಡದ್ದು ಅಂಥದ್ದೇ. ಮನೆಗೆ ಬಂದು ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಕಾಲಿನ ಜಾಗದಲ್ಲಿ ಕೆರೆದ ಗುರುತು ಹೊಳೆಯಿತು.

ಅಸಲಿಯಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಚುಕ್ಕೆಗಳ ಸಾಲು ಇಳಿದಿರುತ್ತದೆ, ಹಿಂಗಾಲು ಹುಳ ತಿಂದ ಹಾಗೆ ಕಾಣುತ್ತದೆ. ಅಚ್ಚು ಉಜ್ಜಿದ್ದರ ಗುರುತುಗಳು ಅವು, ನಾಣ್ಯ ಕೆರೆದರೆ ಬರುವುದಿಲ್ಲ. 1918ರ ‘ಡಿ’ಯಲ್ಲಿ ಎಂಟರ ಕೆಳಗೆ ಏಳು ಇಣುಕುವ ನಾಣ್ಯಕ್ಕೂ ಇದೇ ಎಚ್ಚರ ಬೇಕು. ಇವೆರಡನ್ನೂ ನಾಣ್ಯ ಪರೀಕ್ಷಿಸುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಯವರು ಪರೀಕ್ಷಿಸಿ ಮೊಹರು ಮಾಡಿದ್ದರೆ ಮಾತ್ರ ಕೊಳ್ಳಿ.

ಇಸವಿ ಇಲ್ಲದ್ದಕ್ಕೆ ಫೆರಿಕ್ ಕ್ಲೋರೈಡ್ ಹನಿ ಹಾಕುತ್ತಾರೆ, ನಿಜ. ಒತ್ತು ಬಿದ್ದ ಲೋಹ ಬೇರೆ ಥರ ಕರಗುವುದರಿಂದ ಅಂಕಿ ಮೇಲೆದ್ದು ಕಾಣುತ್ತದೆ. ಆದರೆ ಸುತ್ತ ಒರಟು ಕಲೆ ಶಾಶ್ವತ. ಮಕ್ಕಳ ಕೈಗಂತೂ ಕೊಡಲೇಬೇಡಿ.

ನ್ಯೂಜೆರ್ಸಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಊಟ ಆದಮೇಲೆ ಮಗಳು ಭೂತಗನ್ನಡಿ ಹಿಡಿದು ಕೂತಳು. ಕಾಲ ಕೆಳಗೆ ಗೆರೆ ಇಲ್ಲ, ಉಬ್ಬಿದ ದಿಬ್ಬ ಇದೆ. ‘ಫೈವ್ ಸೆಂಟ್ಸ್’ ಕೆಳಗೆ ಮಸುಕಾಗಿ ‘ಡಿ’. ಹಾಗಾದರೆ ಇದು 1913ರದ್ದೇ ಅಲ್ಲವಾ ಸರ್?

ಡೆನ್ವರ್‌ನಿಂದ

ಹೌದು ಮೇಡಂ, 1913ರದ್ದೇ! ದಿಬ್ಬ ಬೇರೆ ಯಾವ ವರ್ಷದಲ್ಲೂ ಇಲ್ಲ. ಅಚ್ಚಾದದ್ದು ನಮ್ಮೂರಲ್ಲಿ. ಇಸವಿ ಸವೆದಿರುವುದರಿಂದ ಬೆಲೆ ಹೆಚ್ಚು ಬರುವುದಿಲ್ಲ, ಆದರೆ ಆಸಿಡ್ ಇಲ್ಲದೆ ಇಸವಿ ಕಂಡುಹಿಡಿದದ್ದು ನಿಮ್ಮ ಮಗಳು. ರಟ್ಟಿನ ಚೌಕದಲ್ಲಿ ಹಾಕಿ ಅವಳ ಕೈಯಿಂದಲೇ ‘1913, ಡೆನ್ವರ್’ ಅಂತ ಬರೆಸಿ. ಚೌಕ ಮುಚ್ಚುವ ಮುಂಚೆ ಬರೆಸಿ, ಪೆನ್ನಿನ ಒತ್ತು ನಾಣ್ಯಕ್ಕೆ ತಾಗಬಾರದು.