ಒಂದೂವರೆ ವರ್ಷದ ಮಗಳ ಜೊತೆಗೇ ಬೆಳೆಯುವಂತಹ ಕಲಿಕೆಯ ಆಟಿಕೆ ಯಾವುದು?

ಬದಿಯಡ್ಕದಿಂದ ಒಬ್ಬ ತಾಯಿ:

ನಮ್ಮ ಮಗಳಿಗೆ ಈಗ ಒಂದೂವರೆ ವರ್ಷ. ಕಂಡ ಡಬ್ಬಿಯ ಮುಚ್ಚಳವನ್ನೆಲ್ಲ ತೆಗೆದು ನೋಡುವುದು, ಸೌಟನ್ನು ಚೆಂಬಿನೊಳಗೆ ಇಳಿಸಿ ಮತ್ತೆ ಹೊರಗೆಳೆಯುವುದು, ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಸಾಗಿಸುವುದು, ಹೀಗೆ ಅವಳ ಹಗಲು ಕಳೆಯುತ್ತದೆ. ಅವಳ ಅಜ್ಜ ಕಲಿಕೆಗೆ ನೆರವಾಗುವ ಒಂದು ಆಟಿಕೆ ಕೊಡಿಸಬೇಕೆಂದಿದ್ದಾರೆ. ಕಾಸರಗೋಡು ಪೇಟೆಯಲ್ಲಿ ನಮಗೆ ತೋರಿಸಿದ್ದು, ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರ ಹೇಳಿ ದೀಪ ಮಿನುಗಿಸುವ ಬ್ಯಾಟರಿ ಹಲಗೆಯನ್ನು. ಮನೆಯಲ್ಲಿ ಹವ್ಯಕ ಭಾಷೆ, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಕೇಳುತ್ತ ಬೆಳೆಯುತ್ತಿರುವ ಮಗುವಿಗೆ ಇದು ಪ್ರಯೋಜನವಾದೀತೇ? 2000 ರೂಪಾಯಿಯೊಳಗೆ, ಅವಳಿಗೆ ನಾಲ್ಕೈದು ವರ್ಷವಾಗುವವರೆಗೂ ಬೇಸರ ತರಿಸದ ಒಂದೇ ವಸ್ತುವನ್ನು ಆರಿಸುವುದಾದರೆ ಯಾವುದನ್ನು ಆರಿಸಬೇಕು?

ಕುಂಬಳೆಯ ನಿವೃತ್ತ ಶಿಶುವಿಹಾರ ಶಿಕ್ಷಕಿ:

ಜೋಡಿಸಿ ಕಟ್ಟಿ ಆಡುವ ಮರದ ತುಂಡುಗಳನ್ನು (ಬ್ಲಾಕ್ಸ್) ಕೊಡಿಸಿ. ಗುಂಡಿ ಒತ್ತಿದರೆ ಹಾಡುವ ಹಲಗೆಗೆ ಗೊತ್ತಿರುವುದು ಒಂದೇ ಉತ್ತರ. ಅದು ಬಾಯಿಪಾಠವಾದ ಮೇಲೆ ಮಗು ಹಲಗೆಯನ್ನು ಮೂಲೆಗೆ ತಳ್ಳುತ್ತದೆ. ಮರದ ತುಂಡು ಮಾತ್ರ ಮಗುವಿನಿಂದ ಇಂಥದ್ದೇ ಆಗಬೇಕೆಂದು ಕೇಳುವುದಿಲ್ಲ, ಆದುದರಿಂದ ಪ್ರತಿ ಪ್ರಾಯದಲ್ಲೂ ಮಗು ಅದನ್ನು ಹೊಸದಾಗಿ ಬಳಸಿಕೊಳ್ಳುತ್ತದೆ.

ನಿಮ್ಮ ಮಗಳು ಈಗ ಮಾಡುತ್ತಿರುವ ತುಂಬಿಸುವ, ಸುರಿಯುವ, ಸಾಗಿಸುವ ಕೆಲಸವೇ ಈ ಆಟದ ಮೊದಲ ಹಂತ. ಒಂದೂವರೆ ವರ್ಷದ ಹೊತ್ತಿಗೆ ಮೂರು ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಕೆಡವಿ, ನಗುವ ಮಗು, ಎರಡು ದಾಟಿದ ಮೇಲೆ ಅವನ್ನೇ ನೆಲದಲ್ಲಿ ಉದ್ದಕ್ಕೆ ಜೋಡಿಸಿ ರೈಲು ಎನ್ನುತ್ತದೆ. ಮೂರರ ಆಸುಪಾಸಿನಲ್ಲಿ ಎರಡು ತುಂಡುಗಳ ನಡುವೆ ಎಡೆ ಬಿಟ್ಟು ಮೂರನೆಯದನ್ನು ಅಡ್ಡ ಇಟ್ಟರೆ ಸೇತುವೆಯಾಗುತ್ತದೆಂದು ಕಂಡುಕೊಳ್ಳುವ ಗಳಿಗೆಯನ್ನು ದಯವಿಟ್ಟು ನೀವು ತೋರಿಸಿಕೊಟ್ಟು ಹಾಳು ಮಾಡಬೇಡಿ. ಅಡ್ಡ ಇಡುವ ತುಂಡು ಎಡೆಗಿಂತ ಉದ್ದವಿರಬೇಕೆಂಬುದನ್ನು ಅದು ಬೀಳಿಸಿ ಬೀಳಿಸಿಯೇ ಕಲಿಯಬೇಕು. ಆಮೇಲೆ ಸುತ್ತುಗೋಡೆ, ಹಟ್ಟಿ, ಅದರೊಳಗೊಂದು ದನ, ಎರಡೂ ಬದಿ ಸಮವಾಗಿರುವ ಗೋಪುರ, ಕಟ್ಟಿದ್ದಕ್ಕೆ ಹೆಸರು, ಹೆಸರಿಗೊಂದು ಕಥೆ, ಎಲ್ಲವೂ ತಾವಾಗಿ ಬರುತ್ತವೆ.

ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಶಿಶುಶಾಲೆಯ ಆಟಿಕೆಗಳಲ್ಲಿ ಎಂಟು ಚಿಕ್ಕ ಘನಗಳನ್ನು ಕೂಡಿಸಿ ಮಾಡಿದ ಒಂದು ದೊಡ್ಡ ಘನವಿತ್ತು. ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ ತುಂಡುಗಳಲ್ಲಿ ದಪ್ಪ ಒಂದು, ಅಗಲ ಎರಡು, ಉದ್ದ ನಾಲ್ಕು ಎಂಬ ಲೆಕ್ಕವಿದೆ. ಹೀಗಾಗಿ ಎರಡು ಅರೆತುಂಡು ಸೇರಿದರೆ ಸರಿಯಾಗಿ ಒಂದಾಗುತ್ತದೆ. ಅರ್ಧ, ಇಮ್ಮಡಿ ಎಂಬ ಗಣಿತವನ್ನು ಕೈಗಳು ಶಾಲೆಗಿಂತ ಮೊದಲೇ ತಿಳಿದಿರುತ್ತವೆ.

ಮುಳ್ಳೇರಿಯದಿಂದ, ಮಕ್ಕಳ ವಾರ್ಡಿನಲ್ಲಿ ದಾದಿ:

ಶಿಕ್ಷಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ಮೊದಲ ಚಿಂತೆ ಗಾತ್ರದ್ದು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ ಸುಮಾರು 3.2 ಸೆಂಟಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಗಂಟಲಿಗೆ ಸಿಲುಕಬಹುದು. ನಿಮ್ಮ ಅಂಗಳದ ಸಿಪ್ಪೆಗೋಟು, ಅಂದರೆ ಸುಲಿಯದ ಅಡಿಕೆಯನ್ನು ಆಕೆ ಸಾಗಿಸುವಾಗ ಒಬ್ಬರು ಪಕ್ಕದಲ್ಲಿರಿ. ಸುಲಿದ ಅಡಿಕೆಯನ್ನಂತೂ ಅವಳ ಕೈಗೆ ಸಿಗಗೊಡಲೇಬೇಡಿ. ಬ್ಯಾಟರಿ ಆಟಿಕೆ ಈಗಾಗಲೇ ಮನೆಯಲ್ಲಿದ್ದರೆ ಅದರ ಮುಚ್ಚಳ ಸ್ಕ್ರೂ ಹಾಕಿ ಬಿಗಿದದ್ದಾಗಿರಲಿ: ನುಂಗಿದ ಗುಂಡಿ ಬ್ಯಾಟರಿಯು ಅನ್ನನಾಳದಲ್ಲಿ ಸಿಲುಕಿದರೆ ಎರಡೇ ಗಂಟೆಗಳಲ್ಲಿ ಅದನ್ನು ಸುಟ್ಟು ಗಾಯ ಮಾಡಬಲ್ಲದು.

ಭಾಷೆಯ ಕುರಿತು ನೀವು ಕೇಳಿದ್ದಕ್ಕೆ ನೇರವಾಗಿ ಸಂಬಂಧಿಸಿದ ಒಂದು ಅಧ್ಯಯನವನ್ನು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ್ದಾರೆ. 10ರಿಂದ 16 ತಿಂಗಳಿನ 26 ಮಕ್ಕಳು ತಂದೆತಾಯಿಯರೊಂದಿಗೆ ಆಡುವಾಗ, ಮಾತನಾಡುವ ಎಲೆಕ್ಟ್ರಾನಿಕ್ ಆಟಿಕೆ ಎದುರಿಗಿದ್ದರೆ ದೊಡ್ಡವರೂ ಕಡಿಮೆ ಮಾತನಾಡಿದರು, ಮಕ್ಕಳೂ ಕಡಿಮೆ ದನಿಗೂಡಿಸಿದರು. ಪುಸ್ತಕವಿದ್ದಾಗ ಮಾತು ಹೆಚ್ಚಾಯಿತು. ಮೂರು ಭಾಷೆಗಳು ಕಿವಿಗೆ ಬೀಳುವ ಮನೆಯಲ್ಲಿ ನಿಮ್ಮ ಮಾತನ್ನು ಆ ಹಲಗೆಗೆ ಬಿಟ್ಟುಕೊಡಬೇಡಿ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೂ ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಸೂಚಕ (ಜಿಐ) ಪಡೆದ ಆಟಿಕೆಗಳಿಗೂ ವಿನಾಯಿತಿಯಿದೆ.

ಬದಿಯಡ್ಕದಿಂದ ಒಬ್ಬ ತಾಯಿ:

ತುಂಬ ಉಪಕಾರವಾಯಿತು. ನಮ್ಮ ಊರಿನ ಆಚಾರಿಯವರಿಂದಲೇ ತುಂಡುಗಳನ್ನು ಮಾಡಿಸಬಹುದೇ? ಗುಳಿಗಳಲ್ಲಿ ಕಾಯಿ ಹಂಚಿ ಆಡುವ ಹಳೆಯದೊಂದು ಚೆನ್ನೆಮಣೆಯೂ ಮನೆಯಲ್ಲಿ ಇದೆ. ಅದನ್ನು ಈಗಲೇ ಕೊಡಬಹುದೇ?

ಪೆರ್ಲದಿಂದ, ಮರಗೆಲಸ ಬಲ್ಲವನು:

ಖಂಡಿತ ಮಾಡಿಸಬಹುದು. ಮನೆ ಕೆಲಸದಲ್ಲಿ ಉಳಿದ ಹಲಸು ಅಥವಾ ತೇಗದ ತುಂಡುಗಳಿದ್ದರೆ ಹೆಚ್ಚಿನ ಖರ್ಚು ಕೂಲಿಯದ್ದೇ ಆಗುತ್ತದೆ. ಮೊದಲ ಕಂತಿನಲ್ಲಿ 5 ಸೆಂಟಿಮೀಟರಿನ ಹದಿನೈದಿಪ್ಪತ್ತು ಘನಗಳು ಸಾಕು. ಶಿಕ್ಷಕಿಯವರು ಹೇಳಿದ ಪ್ರ್ಯಾಟ್ ಲೆಕ್ಕದ, ಉದ್ದ 14, ಅಗಲ 7, ದಪ್ಪ 3.5 ಸೆಂಟಿಮೀಟರಿನ ದೊಡ್ಡ ತುಂಡುಗಳು ಈಗ ಬೇಡ. ಎಸೆಯುವ ಪ್ರಾಯದಲ್ಲಿ ಆ ಭಾರ ಕಾಲ್ಬೆರಳಿನ ಮೇಲೆ ಬಿದ್ದರೆ ಕಷ್ಟ. ಅಂಚುಗಳನ್ನು ಕೈಗೆ ತಾಗದಂತೆ ಗುಂಡಗೆ ಮಾಡಿಸಿ, ನಯವಾದ ಮರಳುಕಾಗದದಿಂದ ಉಜ್ಜಿಸಿ, ಜೇನುಮೇಣ ಸವರಿಸಿ. ಬಾಗಿಲಿಗೆ ಬಳಿದು ಉಳಿದ ಬಣ್ಣವನ್ನು ಯಾರು ಹೇಳಿದರೂ ಬಳಿಸಬೇಡಿ. ಪಚ್ಚೆಮರದಿಂದ ಮಾಡಿದರೆ ಒಣಗುತ್ತ ಬಿರುಕು ಬಿಟ್ಟು ಅಳತೆ ತಪ್ಪುತ್ತದೆ. ನಮ್ಮ ಮಳೆಗಾಲದಲ್ಲಿ ಬೂಸಲು ಹಿಡಿಯದಿರಲು ಒಣ ಬಟ್ಟೆಯಿಂದ ಒರೆಸಿ, ಅಟ್ಟಳಿಗೆಯಲ್ಲಿ ಗಾಳಿಯಾಡುವಂತೆ ಇಡಿ. ನೀರಿನಲ್ಲಿ ನೆನೆಸಬಾರದು.

ಚೆನ್ನೆಮಣೆ ಒಳ್ಳೆಯ ಎರಡನೆಯ ಆಟಿಕೆ. ಮಣೆಯನ್ನು ಈಗಲೇ ಕೊಡಿ, ಆದರೆ ಆಟದ ಕಾಯಿಗಳಾದ ಮಂಜೊಟ್ಟಿ ಬೀಜಗಳನ್ನು ಮೂರು ವರ್ಷ ಕಳೆಯುವವರೆಗೆ ಕಟ್ಟಿಡಿ. ಅಷ್ಟರವರೆಗೆ ಹದಿನಾಲ್ಕು ಗುಳಿಗಳಲ್ಲಿ ಬೆರಳಾಡಿಸುವುದೇ ಅವಳಿಗೆ ಸಾಕಷ್ಟು ಕೆಲಸ. ಅನಂತರ ಗುಳಿಗೊಂದು ಕಾಯಿ ಹಾಕಲಿ, ಐದರ ಹೊತ್ತಿಗೆ ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ ಹಂಚಿ ಅಜ್ಜನೊಂದಿಗೆ ಆಡಲಿ. ಹಳೆಯ ಕಾಯಿಗಳ ಚೀಲವನ್ನು ಬಿಡಿಸಿದಾಗ ಒಂದೊಂದನ್ನೂ ನೋಡಿ ಆರಿಸಿಕೊಳ್ಳಿ: ಪೂರ್ತಿ ಕೆಂಪಗಿರುವುದು ಮಂಜೊಟ್ಟಿ, ಕೆಂಪಿನ ತುದಿಯಲ್ಲಿ ಕಪ್ಪು ಚುಕ್ಕೆಯಿರುವುದು ಗುಲಗಂಜಿ. ಗುಲಗಂಜಿ ಜಗಿದರೆ ಪ್ರಾಣಕ್ಕೆ ಅಪಾಯ ತರುವ ವಿಷ, ಒಂದೇ ಒಂದು ಕಾಯಿ ಸಿಕ್ಕಿದರೂ ಮಗುವಿಗೆ ಎಟುಕದ ಕಡೆ ಹೂತುಬಿಡಿ.