ಸಹಾಯ ಬೇಕು: ಮನೆ ಬೆಲೆ, ಕಟ್ಟಡದ ಗುಣಮಟ್ಟ ಎರಡನ್ನೂ ಸೇರಿಸಿ ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜಗತ್ತಿನ ದೊಡ್ಡ ನಗರಗಳ ಮನೆ ಬೆಲೆಗಳನ್ನು ಹೋಲಿಸುತ್ತಿದ್ದೇನೆ. ಸುಮ್ನೆ ಚದರ ಮೀಟರ್ ದರ ನೋಡಿದರೆ ಸಾಲದು ಅಲ್ವಾ?

ಪ್ಯಾರಿಸ್‌ನಲ್ಲಿ ನಗರವನ್ನು ಹೊಸದಾಗಿ ಕಟ್ಟಿಸಿದ ಅಧಿಕಾರಿ ಓಸ್ಮಾನ್ ಕಾಲದ, ಅಂದರೆ 1850-60ರ ದಶಕಗಳ ಕಲ್ಲಿನ ಕಟ್ಟಡಗಳಿಗೆ ಇಂದಿಗೂ ಬೇಡಿಕೆ ಜಾಸ್ತಿ. ದಪ್ಪ ಗೋಡೆ, ಎತ್ತರದ ಸೂರು, ಉದ್ದನೆಯ ಕಿಟಕಿ, ಕಬ್ಬಿಣದ ಕಂಬಿಯ ಬಾಲ್ಕನಿ. ಟೋಕಿಯೊದಲ್ಲಿ ಇದಕ್ಕೆ ತದ್ವಿರುದ್ಧ. ಮರದ ಮನೆಗೆ ತೆರಿಗೆ ಲೆಕ್ಕದಲ್ಲಿ 22 ವರ್ಷವಷ್ಟೇ ಆಯಸ್ಸು. ಹಳೆಯ ಮನೆ ಮಾರಿದರೆ ಸಿಗುವ ದುಡ್ಡು ಹೆಚ್ಚುಕಡಿಮೆ ಜಾಗದ್ದೇ. ವಿಯೆನ್ನಾದಲ್ಲಂತೂ ನಗರಾಡಳಿತವೇ ಒಳ್ಳೆಯ ಬಾಡಿಗೆ ಮನೆಗಳನ್ನು ಕಟ್ಟಿಸಿದೆ. 1930ರ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಸಮುಚ್ಚಯ ನೋಡಿ, ಎಂಥ ವಿಶಾಲ ಅಂಗಳಗಳು! ಇದನ್ನೆಲ್ಲ ಮಾರಾಟ ದರದ ಪಟ್ಟಿ ಹೇಳುವುದೇ ಇಲ್ಲ.

ಜಾಗದ ಬೆಲೆ, ಕಟ್ಟಡದ ಬೆಲೆ ಬೇರೆ ಮಾಡಿ ಕೊಡುವ ಅಂಕಿಅಂಶ ಎಲ್ಲಿ ಸಿಗುತ್ತದೆ? ಬೆಳಕು, ಸೂರಿನ ಎತ್ತರ, ಬಾಳಿಕೆ ಇವನ್ನು ಅಳೆಯುವುದು ಹೇಗೆ? ಆರ್ಕಿಟೆಕ್ಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.